ಗ್ರೌಂಡ್‌ಹಾಗ್ ಕಾಟ: ಹಿತ್ತಲಿನ ಅವರೆ, ಬೀನ್ಸ್ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ಮನೆ ತಗೊಂಡು ಎರಡು ವರ್ಷ ಆಯಿತು. ಹಿತ್ತಲಲ್ಲಿ 12 ಅಡಿ ಅಗಲ, 16 ಅಡಿ ಉದ್ದದ ಜಾಗದಲ್ಲಿ ಅವರೆ, ಬೀನ್ಸ್, ಮೆಂತ್ಯ, ಬದನೆ, ಮೆಣಸಿನ ಗಿಡ ಹಾಕಿದ್ದೇನೆ. ಸುತ್ತ ಪ್ಲಾಸ್ಟಿಕ್ ಬಲೆ ಕಟ್ಟಿದ್ದೆ. ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಬೀನ್ಸ್ ಸಾಲು ಪೂರ್ತಿ ಖಾಲಿ. ಮೆಂತ್ಯ ನೆಲದ ಮಟ್ಟಕ್ಕೆ ಹೋಗಿದೆ. ಅವರೆ ಬಳ್ಳಿಗಳು ಒಂದು ಅಡಿ ಎತ್ತರದಲ್ಲಿ ಮೊಟಕಾಗಿವೆ. ಬದನೆ, ಮೆಣಸು ಮಾತ್ರ ಹಾಗೇ ಇವೆ. ಶೆಡ್ಡಿನ ಪಕ್ಕ ಒಂದು ದೊಡ್ಡ ಬಿಲ ಇದೆ. ಪಕ್ಕದ ಮನೆಯವರು ಇದು ಗ್ರೌಂಡ್‌ಹಾಗ್ ಅನ್ನುವ ಬಿಲ ತೋಡುವ ಪ್ರಾಣಿಯ ಕೆಲಸ, ಬಿಲದೊಳಗೆ ನುಸಿಗುಳಿಗೆ ಹಾಕಿ ಅಂದರು. ನಮ್ಮನೆಯವರು ಬೋನಿಟ್ಟು ಹಿಡಿದು ಪಾರ್ಕಿಗೆ ಬಿಟ್ಟು ಬರೋಣ ಅಂತಾರೆ. ಊರಿಂದ ಬಂದಿರುವ ನಮ್ಮತ್ತೆ ಅದನ್ನು ಕೊಲ್ಲಬೇಡಿ ಅಂತ ಹೇಳಿದ್ದಾರೆ, ಆದರೆ ಅವರಿಗೆ ಅವರೆಕಾಯಿಯೂ ಬೇಕು. ಈ ವರ್ಷ ಸಿಗುತ್ತಾ? ನಾನು ಏನು ಮಾಡಲಿ?

ಉತ್ತರ: ಒಂದೇ ಬೆಳಿಗ್ಗೆ ಇಡೀ ಸಾಲು ಹೋದಾಗ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು. ಪೆನ್ಸಿಲ್ವೇನಿಯಾದಲ್ಲಿ ಇಪ್ಪತ್ತು ವರ್ಷದಿಂದ ತರಕಾರಿ ಬೆಳೆಯುತ್ತಿದ್ದೇನೆ. ಹೊಸದಾಗಿ ಹಿತ್ತಲು ಮಾಡುವವರಿಗೆ ಸಲಹೆ ಕೊಡುವುದೂ ನನ್ನ ಕೆಲಸವೇ. ಹಾಗಾಗಿ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನುಸಿಗುಳಿಗೆ ಬೇಡ. ಪಾರ್ಕಿಗೆ ಬಿಡುವುದೂ ಬೇಡ. ಕೊಲ್ಲುವ ಅಗತ್ಯವೂ ಇಲ್ಲ, ನಿಮ್ಮ ಅತ್ತೆ ಹೇಳಿದ್ದು ಸರಿ. ನಿಮ್ಮ ಹತ್ತಿರ ಎಷ್ಟು ದುಡ್ಡು, ಎಷ್ಟು ಸಮಯ ಇದೆಯೋ ಅಷ್ಟನ್ನೂ ಬೇಲಿಗೆ ಹಾಕಿ. ಈ ಪ್ರಾಣಿ ಬುಡದಲ್ಲಿ ತೋಡುತ್ತದೆ, ಮೇಲಿಂದ ಹತ್ತುತ್ತದೆ. ಬುಡಕ್ಕೂ ತಲೆಗೂ ಎರಡಕ್ಕೂ ತಯಾರಿ ಇರುವ ಬೇಲಿಯೊಂದೇ ವರ್ಷವರ್ಷವೂ ಕೆಲಸ ಮಾಡುತ್ತದೆ. ಉಳಿದದ್ದೆಲ್ಲ ಒಂದು ವಾರ, ಎರಡು ವಾರದ ಮಾತು.

ಮೊದಲು ತಿಂದದ್ದು ಯಾರು ಅನ್ನುವುದು ಖಾತ್ರಿಯಾಗಬೇಕು, ಯಾಕಂದರೆ ಜಿಂಕೆಗೆ ಬೇರೆ ಬೇಲಿ, ಮೊಲಕ್ಕೆ ಬೇರೆ ಬೇಲಿ. ಜಿಂಕೆಗೆ ಮೇಲಿನ ಮುಂಹಲ್ಲು ಇಲ್ಲ. ಅದು ಎಳೆದು ಹರಿಯುತ್ತದೆ, ಹಾಗಾಗಿ ಕಾಂಡದ ತುದಿ ಸಿಬಿರು ಸಿಬಿರಾಗಿ ಕಾಣುತ್ತದೆ. ಮೊಲ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಚೊಕ್ಕವಾಗಿ ಕಡಿಯುತ್ತದೆ, ಹತ್ತಿರದಲ್ಲೇ ಬಟಾಣಿ ಕಾಳಿನಂಥ ಹಿಕ್ಕೆ ಬಿದ್ದಿರುತ್ತದೆ. ಗ್ರೌಂಡ್‌ಹಾಗ್ ಹಾಗಲ್ಲ. ಅದು ಗಿಡದ ಮೇಲೆ ಕೂತು, ತುಳಿದು, ಸಾಲಿಗೆ ಸಾಲನ್ನೇ ಮುಗಿಸುತ್ತದೆ, ಹಿಕ್ಕೆಯನ್ನು ಸಾಮಾನ್ಯವಾಗಿ ಹೊರಗೆ ಬಿಡದೆ ಬಿಲದೊಳಗೇ ಮಣ್ಣು ಮುಚ್ಚುತ್ತದೆ. ನಿಮ್ಮ ಶೆಡ್ಡಿನ ಪಕ್ಕದ ಬಿಲವನ್ನು ಅಳೆದು ನೋಡಿ. ಬಾಯಿ 10ರಿಂದ 12 ಇಂಚು ಇದ್ದು, ಮುಂದೆ ಹೊಸ ಮಣ್ಣಿನ ದಿಬ್ಬ ಇದ್ದು, ಅಲ್ಲಿಂದ ಮಡಿಯವರೆಗೆ ಹುಲ್ಲು ಮಲಗಿದ ಒಂದು ದಾರಿ ಕಂಡರೆ ಇನ್ನು ಅನುಮಾನವೇ ಬೇಡ. ಬದನೆ, ಮೆಣಸು ಬಿಟ್ಟು ಬೀನ್ಸು, ಅವರೆ, ಮೆಂತ್ಯ ತಿಂದದ್ದು ಕೂಡ ಅದರದ್ದೇ ಗುರುತು. ಅದಕ್ಕೆ ಕಾಳಿನ ಜಾತಿಯ ಗಿಡ ಅಂದರೆ ಪ್ರಾಣ. ಹುಲ್ಲುಗಾವಲಲ್ಲಿ ಕ್ಲೋವರ್, ಅಲ್ಫಾಲ್ಫಾ ಅಂದರೆ ಕುದುರೆಮೆಂತ್ಯ, ಹೊಲದಲ್ಲಿ ಸೋಯಾ, ನಿಮ್ಮ ಹಿತ್ತಲಲ್ಲಿ ಮೆಂತ್ಯ. ಕುದುರೆಮೆಂತ್ಯಕ್ಕೂ ನಮ್ಮ ಮೆಂತ್ಯಕ್ಕೂ ಹತ್ತಿರದ ನೆಂಟಸ್ತಿಕೆ ಇದೆ. ಅಮೆರಿಕದವರ ತೋಟಗಳಲ್ಲಿ ಕಾಣದ ಮೆಂತ್ಯವನ್ನು ಇದು ಇಷ್ಟು ಬೇಗ ಹೇಗೆ ಕಂಡುಹಿಡಿಯಿತು ಅಂತ ಬಹಳ ಜನ ಕೇಳುತ್ತಾರೆ. ಅದರ ಮೂಗಿಗೆ ಅದು ಹೊಸತೇನಲ್ಲ.

ಊರಿನವರಿಗೆ ಇದನ್ನು ಹೇಗೆ ವಿವರಿಸುವುದು? ಹೆಗ್ಗಣ ಅಂದರೆ ಗಾತ್ರ ಸಾಲದು, ಹೆಸರಿನಲ್ಲಿ ಹಾಗ್ ಇದ್ದರೂ ಹಂದಿ ಅಲ್ಲವೇ ಅಲ್ಲ. ಇದು ಅಳಿಲಿನ ಕುಟುಂಬದ್ದು. ನೆಲದಲ್ಲಿ ವಾಸ ಮಾಡುವ, 2ರಿಂದ 6 ಕಿಲೋ ತೂಗುವ ಅಳಿಲು ಅಂದುಕೊಳ್ಳಿ. ವುಡ್‌ಚಕ್ ಅಂತಲೂ ಕರೆಯುತ್ತಾರೆ. ಅದು ಇಲ್ಲಿನ ಮೂಲನಿವಾಸಿಗಳ ಅಲ್ಗೊಂಕಿಯನ್ ಭಾಷೆಯ ಪದದಿಂದ ಬಂದದ್ದು, ಮರಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆದರಿದಾಗ ಜೋರಾಗಿ ಸಿಳ್ಳೆ ಹೊಡೆಯುತ್ತದೆ, ಹಾಗಾಗಿ ಕೆಲವು ಕಡೆ ಸಿಳ್ಳೆಹಂದಿ ಅನ್ನುವ ಅರ್ಥದ ಹೆಸರೂ ಇದೆ. ಅಳಿಲಿನ ಕುಟುಂಬ ಅಂದದ್ದನ್ನು ನೆನಪಿಟ್ಟುಕೊಳ್ಳಿ, ಬೇಲಿ ಹಾಕುವಾಗ ಬೇಕಾಗುತ್ತದೆ. ದಪ್ಪ ಮೈ ನೋಡಿ ಇದೇನು ಹತ್ತುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಮರ ಹತ್ತುತ್ತದೆ, ಈಜುತ್ತದೆ, ಬಿಗಿಯಾಗಿ ಎಳೆದು ಕಟ್ಟಿದ ತಂತಿ ಬೇಲಿಯನ್ನಂತೂ ಏಣಿ ಹತ್ತಿದ ಹಾಗೆ ಹತ್ತುತ್ತದೆ.

ಇದರ ವರ್ಷದ ಲೆಕ್ಕ ಗೊತ್ತಾದರೆ ನಿಮ್ಮ ಕೆಲಸ ಅರ್ಧ ಹಗುರ. ಚಳಿಗಾಲದಲ್ಲಿ ಇದು ನಿಜವಾದ ದೀರ್ಘನಿದ್ದೆ ಮಾಡುವ ಪ್ರಾಣಿ. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಬಿಲ ಸೇರಿದರೆ ಫೆಬ್ರವರಿ, ಮಾರ್ಚ್‌ವರೆಗೆ ಏಳುವುದಿಲ್ಲ. ನಿಮಿಷಕ್ಕೆ 80ರ ಆಸುಪಾಸು ಬಡಿಯುವ ಹೃದಯ 5ರ ಹತ್ತಿರಕ್ಕೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಅಷ್ಟು ತಿಂಗಳೂ ಮೈಯಲ್ಲಿರುವ ಕೊಬ್ಬಿನ ಮೇಲೇ ಬದುಕುತ್ತದೆ. ಏಳುವ ಹೊತ್ತಿಗೆ ತೂಕದ ಮೂರನೇ ಒಂದು ಭಾಗದಷ್ಟು ಕರಗಿರುತ್ತದೆ. ಅಂದರೆ ಬೇಸಿಗೆಯ ಕೆಲವೇ ತಿಂಗಳಲ್ಲಿ ಇಡೀ ಚಳಿಗಾಲಕ್ಕೆ ಬೇಕಾದಷ್ಟನ್ನು ತಿಂದು ಮೈಗೆ ಹಚ್ಚಿಕೊಳ್ಳದಿದ್ದರೆ ಅದು ಸತ್ತೇಹೋಗುತ್ತದೆ. ಅದು ಅಷ್ಟು ಹಠದಿಂದ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ. ಹೆದರಿಸಿ ಓಡಿಸಿದರೆ ಸಾಕು ಅಂದುಕೊಂಡವರು ಸೋಲುವುದೂ ಇಲ್ಲೇ. ಹೊಟ್ಟೆಯ ಹೆದರಿಕೆ ನಮ್ಮ ಹೆದರಿಕೆಗಿಂತ ದೊಡ್ಡದು.

ಫೆಬ್ರವರಿ 2ಕ್ಕೆ ನಮ್ಮ ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಊರಲ್ಲಿ ಗ್ರೌಂಡ್‌ಹಾಗ್ ಡೇ ಮಾಡುತ್ತಾರೆ, 1887ರಿಂದ ನಡೆದುಬಂದಿದೆ, ಅದು ನೆರಳು ಕಂಡರೆ ಚಳಿ ಇನ್ನೂ ಆರು ವಾರ ಅಂತ ಲೆಕ್ಕ. ಜರ್ಮನಿಯಿಂದ ಬಂದ ಜನ ತಮ್ಮೂರಿನ ನಂಬಿಕೆಯನ್ನು ಇಲ್ಲಿನ ಪ್ರಾಣಿಗೆ ಅಂಟಿಸಿದ್ದು. ಹವಾಮಾನದ ಮಾತು ಬಿಡಿ, ಆದರೆ ಆ ಸಮಯಕ್ಕೆ ಒಂದು ಅರ್ಥ ಇದೆ. ಗಂಡುಗಳು ಫೆಬ್ರವರಿಯಲ್ಲೇ ಎದ್ದು ಹೆಣ್ಣುಗಳ ಬಿಲ ಎಲ್ಲೆಲ್ಲಿ ಇದೆ ಅಂತ ಸುತ್ತಿ ನೋಡಿ ಬರುತ್ತವೆ. ಮಾರ್ಚ್ ಸುಮಾರಿಗೆ ಕೂಡುತ್ತವೆ. 31, 32 ದಿನಕ್ಕೆ ಮರಿ. ಸಾಮಾನ್ಯವಾಗಿ 2ರಿಂದ 6 ಮರಿ, ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ರೋಮ ಇರುವುದಿಲ್ಲ. ಐದಾರು ವಾರಕ್ಕೆ ಹಾಲು ಬಿಡುತ್ತವೆ. ಈಗ ಲೆಕ್ಕ ಹಾಕಿ ನೋಡಿ. ಇಬ್ಬನಿ ಹೆಪ್ಪುಗಟ್ಟುವ ಭಯ ಮುಗಿಯಿತು ಅಂತ ನೀವು ಮೇ ಮಧ್ಯದಲ್ಲಿ ಬೀನ್ಸ್ ಬೀಜ ಹಾಕುತ್ತೀರಿ. ಅದು ಮೊಳೆತು ಎಳೆ ಎಲೆ ಬಿಟ್ಟು ಬಳ್ಳಿ ಹಬ್ಬುವ ಜೂನ್‌ನಲ್ಲೇ ಮರಿಗಳು ಹೊರಬಂದು ಹಸಿರು ತಿನ್ನಲು ಶುರು ಮಾಡುತ್ತವೆ. ನಿಮ್ಮ ಮಡಿ ಖಾಲಿ ಮಾಡಿದ್ದು ಒಂದೇ ಪ್ರಾಣಿ ಅಂತ ನನಗೆ ಅನ್ನಿಸುವುದಿಲ್ಲ. ತಾಯಿಯ ಜೊತೆ ಮರಿಗಳೂ ಬಂದಿರಬೇಕು.

ಇನ್ನು ಬೇಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪ್ಲಾಸ್ಟಿಕ್ ಬಲೆ ತೆಗೆದುಬಿಡಿ. ಜೀವನಪೂರ್ತಿ ಬೆಳೆಯುತ್ತಲೇ ಇರುವ ಹಲ್ಲು ಅದರದ್ದು, ಪ್ಲಾಸ್ಟಿಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮೇಲಾಗಿ ಹಾವು, ಹಕ್ಕಿ ಸಿಕ್ಕಿಕೊಂಡು ಸಾಯುತ್ತವೆ. ಸತುವು ಲೇಪ ಇರುವ, ವೆಲ್ಡ್ ಮಾಡಿದ ತಂತಿ ಜಾಲರಿ ತಗೊಳ್ಳಿ. 1 ಇಂಚು ಅಗಲ, 2 ಇಂಚು ಉದ್ದದ ಕಣ್ಣಿರಲಿ, ಅದಕ್ಕಿಂತ ದೊಡ್ಡ ಕಣ್ಣಿನದು ತಗೊಂಡರೆ ಮೊಲದ ಮರಿ ತೂರುತ್ತದೆ. ಅಗಲ 5 ಅಡಿಯದು. ಕೋಳಿ ಗೂಡಿಗೆ ಹಾಕುವ ತೆಳು ತಂತಿ ಬಲೆ ಅಗ್ಗ, ಅದೂ ನಡೆಯುತ್ತದೆ, ಆದರೆ ಮಣ್ಣಿನೊಳಗಿನ ಭಾಗ ಬೇಗ ತುಕ್ಕು ಹಿಡಿಯುತ್ತದೆ. ನಿಮ್ಮ ಜಾಗದ ಸುತ್ತಳತೆ 56 ಅಡಿ. 50 ಅಡಿಯ ಸುರುಳಿ ಸಾಲುವುದಿಲ್ಲ. 100 ಅಡಿಯದೇ ತಗೊಳ್ಳಿ, ಉಳಿದದ್ದು ವ್ಯರ್ಥ ಆಗುವುದಿಲ್ಲ, ಶೆಡ್ಡಿಗೆ ಬೇಕು.

ಕೆಳಗಿನ ಒಂದು ಅಡಿಯನ್ನು ಹೊರಗಡೆಗೆ ಮಡಚಿ, ಗೋಡೆ ಮತ್ತು ನೆಲದ ಹಾಗೆ ನೇರ ಮೂಲೆ ಬರಬೇಕು. ಆ ಮಡಚಿದ ಭಾಗ ತೋಟದ ಆಚೆ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಇರುತ್ತದೆ. ಅದನ್ನು ಎರಡು ಮೂರು ಇಂಚು ಮಣ್ಣಿನಡಿ ಹೂತುಬಿಡಿ, ಆಗದಿದ್ದರೆ ಯು ಆಕಾರದ ಮೊಳೆಗಳಿಂದ ನೆಲಕ್ಕೆ ಗಟ್ಟಿಯಾಗಿ ಹೊಡೆದು ಮೇಲೆ ಹುಲ್ಲು ಬೆಳೆಯಲು ಬಿಡಿ. ಇದು ಯಾಕೆ ಕೆಲಸ ಮಾಡುತ್ತದೆ ಅಂದರೆ, ಗ್ರೌಂಡ್‌ಹಾಗ್ ಬೇಲಿಯ ಬುಡಕ್ಕೆ ಬಂದು ಅಲ್ಲಿಯೇ ತೋಡಲು ಶುರು ಮಾಡುತ್ತದೆ. ಕಾಲ ಕೆಳಗೆ ತಂತಿ ಸಿಗುತ್ತದೆ. ಒಂದಡಿ ಹಿಂದೆ ಹೋಗಿ ಅಲ್ಲಿಂದ ಸುರಂಗ ತೋಡೋಣ ಅನ್ನುವ ಯೋಚನೆ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನೇರವಾಗಿ ಒಂದು ಅಡಿ ಆಳಕ್ಕೆ ಹೂಳುವವರೂ ಇದ್ದಾರೆ, ಅದೂ ಸರಿಯೇ, ಆದರೆ 56 ಅಡಿ ಕಂದಕ ತೋಡುವ ಸೊಂಟ ನಿಮ್ಮದಾಗಿರಬೇಕು! ಕಂಬಕ್ಕಾಗಲಿ ಕಂದಕಕ್ಕಾಗಲಿ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನು ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಇದನ್ನು ದಯವಿಟ್ಟು ತಪ್ಪಿಸಬೇಡಿ.

ಈಗ ತಲೆಯ ಕಡೆ. ಬಹಳ ಜನ ಎಡವುವುದು ಇಲ್ಲೇ. ಬೇಲಿ ನೋಡಲು ಚೆಂದ ಇರಲಿ ಅಂತ ಮೇಲಿನ ತುದಿಯವರೆಗೂ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಿಗಿಯಾದಷ್ಟೂ ಅದಕ್ಕೆ ಹತ್ತಲು ಸುಲಭ. ಹಾಗಾಗಿ 5 ಅಡಿಯ ಕಬ್ಬಿಣದ ಟಿ ಕಂಬ ತಗೊಂಡು 2 ಅಡಿ ನೆಲದೊಳಗೆ ಹೊಡೆಯಿರಿ, 3 ಅಡಿ ಮೇಲೆ ಇರಲಿ. ಆರು ಅಡಿಗೊಂದು ಕಂಬ, ಗೇಟಿಗೆ ಎರಡು ಜಾಸ್ತಿ, ಒಟ್ಟು ಹನ್ನೆರಡು ಸಾಕು. ಜಾಲರಿ ನೆಲದಿಂದ 4 ಅಡಿ ಎತ್ತರ ಇರುತ್ತದೆ, ಕಂಬ 3 ಅಡಿಗೇ ನಿಲ್ಲುತ್ತದೆ. ಮೇಲಿನ ಒಂದು ಅಡಿಯನ್ನು ಯಾವುದಕ್ಕೂ ಕಟ್ಟಬೇಡಿ. ಅದನ್ನು ಸ್ವಲ್ಪ ಹೊರಕ್ಕೆ ಬಾಗಿಸಿ ಸಡಿಲವಾಗಿ ಬಿಟ್ಟುಬಿಡಿ. ಪ್ರಾಣಿ ಹತ್ತಿ ಆ ಭಾಗಕ್ಕೆ ಬಂದಾಗ ಅದರ ಭಾರಕ್ಕೆ ಜಾಲರಿ ಹಿಂದಕ್ಕೆ ಬಾಗುತ್ತದೆ, ಅಲುಗಾಡುತ್ತದೆ. ಅಲುಗಾಡುವುದರ ಮೇಲೆ ಕಾಲಿಡಲು ಅದಕ್ಕೆ ಧೈರ್ಯ ಇಲ್ಲ, ಇಳಿದು ಹೋಗುತ್ತದೆ. ನೋಡಲು ಅರ್ಧಂಬರ್ಧ ಕಟ್ಟಿ ಬಿಟ್ಟ ಹಾಗೆ ಕಾಣುತ್ತದೆ, ನಿಜ. ಆದರೆ ಅದೇ ನಿಮ್ಮ ಬೀನ್ಸ್ ಕಾಯುವುದು.

ಇಷ್ಟೆಲ್ಲ ಮಾಡಿಯೂ ನನಗೆ ಒಂದು ವರ್ಷ ಇಡೀ ಕೋಸಿನ ಮಡಿ ಹೋಯಿತು. ಎರಡು ದಿನ ಹುಡುಕಿದೆ. ಬುಡದಲ್ಲಿ ತೋಡಿಲ್ಲ, ಮೇಲೆ ಹತ್ತಿದ ಗುರುತಿಲ್ಲ. ಕೊನೆಗೆ ಗೊತ್ತಾಯಿತು, ಗೇಟಿನ ಕೆಳಗೆ ನಾಲ್ಕು ಇಂಚು ಸಂದು ಇತ್ತು, ಅಲ್ಲಿ ಸ್ವಲ್ಪ ಮಣ್ಣು ಕೆದಕಿ ನುಸುಳಿತ್ತು. ಗೇಟಿಗೂ ಬೇಲಿಯಷ್ಟೇ ಗಮನ ಕೊಡಿ. ಗೇಟಿನ ಕೆಳಗೆ ಉದ್ದಕ್ಕೂ ಕಲ್ಲು ಚಪ್ಪಡಿ ಹಾಸಿ, ನಮ್ಮೂರ ಮನೆಗಳ ಹೊಸ್ತಿಲಿನ ಹಾಗೆ, ಗೇಟಿಗೂ ಚಪ್ಪಡಿಗೂ ನಡುವೆ ಒಂದು ಇಂಚಿಗಿಂತ ಜಾಸ್ತಿ ಜಾಗ ಬಿಡಬೇಡಿ.

ಕರೆಂಟ್ ತಂತಿ ಬೇಕಾ ಅಂತ ಮುಂದೆ ಕೇಳುತ್ತೀರಿ. ಬೇಲಿಯಿಂದ ನಾಲ್ಕೈದು ಇಂಚು ಆಚೆ, ನೆಲದಿಂದ ನಾಲ್ಕೈದು ಇಂಚು ಎತ್ತರದಲ್ಲಿ ಒಂದೇ ಒಂದು ತಂತಿ ಎಳೆದು, ಬೇಲಿಗೆ ಕರೆಂಟ್ ಕೊಡಲೆಂದೇ ಮಾರುವ ಸಾಧನಕ್ಕೆ ಜೋಡಿಸಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಸಲ ಮೂಗಿಗೆ ತಾಗಿದರೆ ಹತ್ತಿರ ಬರುವುದಿಲ್ಲ. ಆದರೆ ಹುಲ್ಲು ಬೆಳೆದು ತಂತಿಗೆ ತಾಗಿದ ದಿನ ಅದು ಸುಮ್ನೆ ತಂತಿ ಅಷ್ಟೇ. ವಾರ ವಾರ ಹುಲ್ಲು ಕತ್ತರಿಸುತ್ತಿರಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನು ಇದನ್ನು ಹೇಳುವುದಿಲ್ಲ. ಕೆಲವು ಊರುಗಳಲ್ಲಿ ಮನೆ ಹಿತ್ತಲಿಗೆ ಇದಕ್ಕೆ ಅನುಮತಿಯೂ ಇಲ್ಲ, ಪುರಸಭೆಯಲ್ಲಿ ಕೇಳಿಕೊಳ್ಳಿ. ನಿಮ್ಮ ಬಡಾವಣೆಗೆ ಸಂಘ ಇದ್ದರೆ ಮಾಮೂಲಿ ಬೇಲಿಗೂ ಅವರ ನಿಯಮ ಇರುತ್ತದೆ, ಜಾಲರಿ ತರುವ ಮೊದಲೇ ಆ ಕಾಗದ ಓದಿ. ಬೇಲಿಗೆ ಒಪ್ಪಿಗೆಯೇ ಸಿಗದ ಕಡೆ ಮರದ ಚೌಕಟ್ಟಿನ ಎತ್ತರದ ಮಡಿ ಮಾಡಿ, ಮೇಲೆ ಜಾಲರಿಯ ಪಂಜರ ಕೂರಿಸಿದರೆ ಸಾಕಷ್ಟು ಸೊಪ್ಪು ಬೆಳೆಯಬಹುದು. ಬಳ್ಳಿಗಳಿಗೆ ಅದು ಸಾಲದು.

ನುಸಿಗುಳಿಗೆಯ ವಿಷಯ. ಅದು ಮುಚ್ಚಿದ ಪೆಟ್ಟಿಗೆಯಲ್ಲಿ ಬಟ್ಟೆ ಜೊತೆ ಇಡಲು ಮಾಡಿದ ವಿಷ. ಅಮೆರಿಕದಲ್ಲಿ ಕೀಟನಾಶಕವನ್ನು ಡಬ್ಬದ ಮೇಲೆ ಬರೆದದ್ದಕ್ಕೆ ಬಿಟ್ಟು ಬೇರೆಯದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ, ಹೊರಗೆ ಮಣ್ಣಿಗೆ ಹಾಕುವುದೂ ಅದರಲ್ಲೇ ಬರುತ್ತದೆ. ಮಣ್ಣಿಗೆ, ನೀರಿಗೆ ಸೇರುತ್ತದೆ, ಮಕ್ಕಳು ಮಿಠಾಯಿ ಅಂತ ಬಾಯಿಗೆ ಹಾಕಿಕೊಳ್ಳಬಹುದು. ಗ್ರೌಂಡ್‌ಹಾಗ್ ಮಾತ್ರ ಅದನ್ನು ಮಣ್ಣಿನ ಜೊತೆ ಹೊರಗೆ ತಳ್ಳಿ ತನ್ನ ಪಾಡಿಗೆ ಇರುತ್ತದೆ. ಚೂಯಿಂಗ್ ಗಮ್ ಹಾಕಿದರೆ ತಿಂದು ಸಾಯುತ್ತದೆ ಅನ್ನುವ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ, ಅದು ಸುಳ್ಳು. ನೆಲಕ್ಕೆ ಚುಚ್ಚುವ ಶಬ್ದದ ಕಡ್ಡಿಗಳಿಗೆ ದುಡ್ಡು ಹಾಕಬೇಡಿ. ಹೊಗೆ ಬತ್ತಿ ಹಾಕಿ ಬಿಲದೊಳಗೇ ಉಸಿರು ಕಟ್ಟಿಸುವ ಪದ್ಧತಿ ಇದೆ, ಅದು ವಿಷಗಾಳಿ ಮತ್ತು ಬೆಂಕಿ ಎರಡೂ. ಶೆಡ್ಡಿನ ಕೆಳಗೆ, ಮನೆಯ ಹತ್ತಿರ ಅದನ್ನು ಯೋಚಿಸಲೂ ಬೇಡಿ.

ಕೊಳೆತ ಮೊಟ್ಟೆಯ ವಾಸನೆ ಇರುವ ದ್ರಾವಣ, ಮೆಣಸಿನ ಖಾರದ ದ್ರಾವಣ, ಇವು ಸ್ವಲ್ಪ ಉಪಯೋಗಕ್ಕೆ ಬರುತ್ತವೆ, ನಾನೂ ಬಳಸಿದ್ದೇನೆ. ಆದರೆ ಮಳೆ ಬಂದ ತಕ್ಷಣ ಮತ್ತೆ ಹೊಡೆಯಬೇಕು, ಹೊಸ ಎಲೆ ಬಂದಾಗ ಮತ್ತೆ ಹೊಡೆಯಬೇಕು, ಮತ್ತು ನಾಳೆ ಪಲ್ಯಕ್ಕೆ ಕೀಳುವ ಸೊಪ್ಪಿನ ಮೇಲೆ ಕೊಳೆತ ಮೊಟ್ಟೆ ಯಾರಿಗೆ ಬೇಕು ಹೇಳಿ? ಹೂವಿನ ಗಿಡಕ್ಕಾದರೆ ಸರಿ. ಬೇಲಿ ಏಳುವವರೆಗೆ ಎರಡು ವಾರ ದಾಟಿಸಲು ಸರಿ.

ಬೋನಿನ ಬಗ್ಗೆ ನಿಮ್ಮ ಮನೆಯವರಿಗೆ ನಾನು ಹೇಳಿದೆ ಅಂತ ಹೇಳಿ. ಹಿಡಿಯುವುದು ಕಷ್ಟವೇನಲ್ಲ, ಕರ್ಬೂಜದ ಹೋಳು ಇಟ್ಟರೆ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಕಾಡುಪ್ರಾಣಿಯನ್ನು ಹಿಡಿದು ಬೇರೆ ಕಡೆ ಬಿಡುವುದಕ್ಕೆ ಬಹಳ ರಾಜ್ಯಗಳಲ್ಲಿ ಕಡಿವಾಣ ಇದೆ, ಮ್ಯಾಸಚೂಸೆಟ್ಸ್‌ನಲ್ಲಂತೂ ಅದು ಕಾನೂನುಬಾಹಿರ. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಗೆ ಕೇಳದೆ ಏನೂ ಮಾಡಬೇಡಿ. ಕಾನೂನು ಬಿಟ್ಟರೂ ಇನ್ನೊಂದು ಮಾತಿದೆ. ಹೊಸ ಜಾಗದಲ್ಲಿ ಅದಕ್ಕೆ ಬಿಲ ಇಲ್ಲ, ದಾರಿ ಗೊತ್ತಿಲ್ಲ, ಅಲ್ಲಿರುವ ಗ್ರೌಂಡ್‌ಹಾಗ್ ಸೇರಿಸುವುದಿಲ್ಲ. ಬದುಕುವುದು ಕಷ್ಟ. ಏಪ್ರಿಲ್, ಮೇನಲ್ಲಿ ತಾಯಿಯನ್ನು ಹಿಡಿದು ಒಯ್ದರೆ ಹಾಲು ಕುಡಿಯುವ ಮರಿ ಬಿಲದಲ್ಲೇ ಹಸಿದು ಸಾಯಬಹುದು. ಕೊಲ್ಲಬೇಡಿ ಅನ್ನುವ ನಿಮ್ಮ ಅತ್ತೆಯ ಮಾತಿಗೆ ಪಾರ್ಕಿಗೆ ಬಿಡುವುದು ಉತ್ತರವೇ ಅಲ್ಲ, ಅದನ್ನು ಅವರಿಗೂ ಹೇಳಿ. ಇಷ್ಟೆಲ್ಲ ಆದ ಮೇಲೂ ಖಾಲಿ ಬಿಲ ಖಾಲಿಯಾಗಿ ಉಳಿಯುವುದಿಲ್ಲ. ಜುಲೈನಲ್ಲಿ ತಾಯಿಯಿಂದ ಬೇರೆಯಾದ ಮರಿಗಳು ಮನೆ ಹುಡುಕುತ್ತಾ ಓಡಾಡುತ್ತಿರುತ್ತವೆ, ತಯಾರಾದ ಬಿಲ, ಪಕ್ಕದಲ್ಲೇ ಬೀನ್ಸ್ ಸಿಕ್ಕರೆ ಇನ್ನೇನು ಬೇಕು.

ಎಚ್ಚರಿಕೆಯ ಮಾತೊಂದು. ಅಮೆರಿಕದಲ್ಲಿ ಇಲಿ, ಅಳಿಲು ಸೇರಿದ ದಂಶಕ ಜಾತಿಯ ಪ್ರಾಣಿಗಳಲ್ಲಿ ರೇಬೀಸ್ ಅತಿ ಹೆಚ್ಚಾಗಿ ಕಂಡುಬರುವುದು ಗ್ರೌಂಡ್‌ಹಾಗ್‌ನಲ್ಲೇ, ರಕೂನ್ ಅನ್ನುವ ಕಾಡುಪ್ರಾಣಿಗಳಲ್ಲಿ ರೇಬೀಸ್ ಇರುವ ನಮ್ಮ ಪೂರ್ವ ರಾಜ್ಯಗಳಲ್ಲಿ ಇದು ಲೆಕ್ಕಕ್ಕೆ ತಗೊಳ್ಳಬೇಕಾದ ವಿಷಯ. ಅಷ್ಟಕ್ಕೇ ಗಾಬರಿ ಬೇಡ. ಆದರೆ ಕೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ನಾಯಿ ಇದ್ದರೆ ಲಸಿಕೆ ತಪ್ಪಿಸಬೇಡಿ. ಹಗಲಲ್ಲಿ ಕಂಡಿತು ಅಂತ ಹೆದರಬೇಕಿಲ್ಲ, ಅದು ಹಗಲಲ್ಲೇ ತಿರುಗುವ ಪ್ರಾಣಿ, ಬೆಳಿಗ್ಗೆ ಮತ್ತು ಸಂಜೆಯ ಮುಂಚೆ ಮೇಯುತ್ತದೆ. ತೂರಾಡುತ್ತಾ ಮೈಮೇಲೆ ಬಂದರೆ ಮಾತ್ರ ಊರಿನ ಪ್ರಾಣಿ ನಿಯಂತ್ರಣದವರನ್ನು ಕರೆಯಿರಿ.

ಶೆಡ್ಡಿನ ಪಕ್ಕದ ಬಿಲವನ್ನು ಈಗಲೇ ಮುಚ್ಚಬೇಡಿ. ಜುಲೈ ಮಧ್ಯದವರೆಗೆ ಕಾಯಿರಿ, ಅಷ್ಟರಲ್ಲಿ ಮರಿಗಳು ತಮ್ಮ ದಾರಿ ಹಿಡಿದಿರುತ್ತವೆ. ಅಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ನಿಮಗೆ ಸಮಯ ಇದೆ. ಅದು ದಾಟಿದರೆ ನಿದ್ದೆಗೆ ತಯಾರಾದ ಪ್ರಾಣಿಯನ್ನು ಹೊರಹಾಕಿದ ಹಾಗೆ, ಇಲ್ಲವೇ ಒಳಗೇ ಮುಚ್ಚಿ ಕೊಂದ ಹಾಗೆ. ಮೊದಲು ಎಲ್ಲ ಬಾಯಿಗಳನ್ನೂ ಹುಡುಕಿ. ಎರಡರಿಂದ ಐದು ಇರಬಹುದು. ಮುಖ್ಯ ಬಾಯಿಯ ಮುಂದೆ ಮಣ್ಣಿನ ದಿಬ್ಬ ಇರುತ್ತದೆ, ಸುಲಭವಾಗಿ ಕಾಣುತ್ತದೆ. ಹಿಂಬಾಗಿಲು ಒಳಗಿಂದ ತೋಡಿದ್ದು, ಅದರ ಮುಂದೆ ಮಣ್ಣೇ ಇರುವುದಿಲ್ಲ, ಹುಲ್ಲಿನ ನಡುವೆ ಮುಚ್ಚಿಕೊಂಡಿರುತ್ತದೆ, ಕಾಲು ಸಿಕ್ಕಿ ಬೀಳಬಹುದು, ಹುಷಾರು. ಎಲ್ಲ ಬಾಯಿಗೂ ಒಣಹುಲ್ಲು, ಉಂಡೆ ಮಾಡಿದ ಪೇಪರ್ ಸಡಿಲವಾಗಿ ತುರುಕಿ. ಒಳ್ಳೆ ಬಿಸಿಲಿರುವ ಎರಡು ಮೂರು ದಿನ ಅದು ಅಲುಗದೇ ಇದ್ದರೆ ಒಳಗೆ ಯಾರೂ ಇಲ್ಲ. ಹೊರಗೆ ತಳ್ಳಿದ್ದರೆ ಇದೆ ಅಂತ ಅರ್ಥ. ಆಗ ಮುಖ್ಯ ಬಾಯಿಗೆ ಹೊರಕ್ಕೆ ಮಾತ್ರ ತೆರೆಯುವ ಜಾಲರಿ ಬಾಗಿಲು ಕೂರಿಸಿ, ಉಳಿದ ಬಾಯಿಗಳನ್ನು ಜಾಲರಿಯಿಂದ ಮುಚ್ಚಿ, ಒಂದು ವಾರ ಬಿಡಿ. ಮತ್ತೆ ಪೇಪರ್ ಪರೀಕ್ಷೆ ಮಾಡಿ. ಖಾಲಿ ಅಂತ ಖಾತ್ರಿಯಾದ ಮೇಲೆ 3 ಅಡಿ ಚೌಕದ ಜಾಲರಿಯನ್ನು ಪ್ರತಿ ಬಾಯಿಯ ಮೇಲೂ ಹಾಸಿ, ಒಂದು ಅಡಿ ಮಣ್ಣು ಮುಚ್ಚಿ. ಶೆಡ್ಡಿನ ಸುತ್ತಲೂ ಬೇಲಿಗೆ ಮಾಡಿದ ಹಾಗೇ ಜಾಲರಿಯನ್ನು ಹೊರಕ್ಕೆ ಮಡಚಿ ಹೂಳಿ. ಇಲ್ಲದಿದ್ದರೆ ದುರ್ವಾಸನೆ ಬಿಡುವ ಸ್ಕಂಕ್ ಅನ್ನುವ ಪ್ರಾಣಿ ಬಂದು ಸೇರಿಕೊಂಡರೆ ಆ ವಾಸನೆಯ ಜೊತೆ ಬಾಳಬೇಕಾಗುತ್ತದೆ.

ಶೆಡ್ಡಿನ ಪಕ್ಕ ಎತ್ತರದ ಹುಲ್ಲು, ಸೌದೆ ರಾಶಿ ಇದ್ದರೆ ತೆಗೆಯಿರಿ. ಬಯಲಲ್ಲಿ ಓಡಾಡಲು ಅದಕ್ಕೆ ಭಯ, ಹಗಲಲ್ಲಿ ಬಿಲದಿಂದ 50ರಿಂದ 150 ಅಡಿಯ ಆಚೆ ಹೆಚ್ಚಾಗಿ ಹೋಗುವುದಿಲ್ಲ. ಅದಕ್ಕೇ ಬಿಲ ಮಡಿಯಿಂದ ದೂರವಾದಷ್ಟೂ ಒಳ್ಳೆಯದು. ಹುಲ್ಲಿನಲ್ಲಿ ಕ್ಲೋವರ್ ಇದ್ದರೆ ಔಷಧ ಹೊಡೆದು ಸಾಯಿಸಬೇಡಿ, ಅದು ಮೇಯಲಿ ಬಿಡಿ. ಈ ಪ್ರಾಣಿಯ ಮೇಲೆ ಕೋಪ ಬಂದಾಗ ನಾನು ಇನ್ನೊಂದು ವಿಷಯ ನೆನಪಿಸಿಕೊಳ್ಳುತ್ತೇನೆ. 1978ರಲ್ಲಿ ಮನುಷ್ಯರ ಹೆಪಟೈಟಿಸ್ ಬಿ ವೈರಸ್ಸನ್ನು ಬಹಳ ಹೋಲುವ ಒಂದು ವೈರಸ್ ಇವುಗಳಲ್ಲಿ ಪತ್ತೆಯಾಯಿತು, ಆಮೇಲೆ ಆ ಕಾಯಿಲೆ ಮತ್ತು ಅದರ ಔಷಧಗಳ ಸಂಶೋಧನೆಯಲ್ಲಿ ಎಷ್ಟೋ ಕೆಲಸ ಇವುಗಳಿಂದಲೇ ಆಗಿದೆ. ನಮ್ಮ ಬೀನ್ಸ್ ತಿಂದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ನನ್ನ ಮನಸ್ಸು ಸ್ವಲ್ಪ ತಣ್ಣಗಾಗುತ್ತದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಯಿತಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ, ಈ ವರ್ಷ ಇನ್ನೂ ಮುಗಿದಿಲ್ಲ. ಆದರೆ ಬೇಲಿ ಮೊದಲು, ಬೀಜ ಆಮೇಲೆ. ಒಮ್ಮೆ ರುಚಿ ನೋಡಿದ ಜಾಗಕ್ಕೆ ಅದು ಬಂದೇ ಬರುತ್ತದೆ, ಬರೀ ಮಡಿಗೆ ಬೀಜ ಹಾಕಿದರೆ ಮತ್ತೆ ಊಟ ಬಡಿಸಿದ ಹಾಗೆ. ಎರಡು ಶನಿವಾರ ಸಿಕ್ಕರೆ ಇಬ್ಬರು ಸೇರಿ ಈ ಬೇಲಿ ಮುಗಿಸಬಹುದು. ಗಿಡ್ಡ ತಳಿಯ ಬೀನ್ಸ್ ಬೀಜ ಜುಲೈ ಮಧ್ಯದವರೆಗೆ ಹಾಕಬಹುದು, 55, 60 ದಿನಕ್ಕೆ ಕಾಯಿ ಬರುತ್ತದೆ. ಮೆಂತ್ಯಕ್ಕೆ ಈ ಸೆಕೆ ಹೇಗೂ ಆಗುವುದಿಲ್ಲ, ಆಗಸ್ಟ್ ಕೊನೆಯಲ್ಲಿ ಚೆಲ್ಲಿ.

ಅವರೆಯ ವಿಷಯಕ್ಕೆ ಇವತ್ತೇ ಎದ್ದು ಹೋಗಿ ನೋಡಿ. ಅದನ್ನು ಹೊಸದಾಗಿ ಹಾಕಿದರೆ ಸಮಯ ಸಾಲುವುದಿಲ್ಲ. ನಮ್ಮ ಹಳೇ ತಳಿಗಳು ಹಗಲು ಗಿಡ್ಡವಾಗದೆ ಹೂ ಬಿಡುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಹೂ ಬರುತ್ತದೆ, ಅಕ್ಟೋಬರ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಬಳ್ಳಿ ಸುಟ್ಟುಹೋಗುತ್ತದೆ. ಕಾಯಿ ಸಿಗುವುದು ಆ ನಡುವಿನ ಕೆಲವೇ ವಾರ. ಆದರೆ ನಿಮ್ಮ ಬಳ್ಳಿಗಳು ಒಂದು ಅಡಿ ಉಳಿದಿವೆ ಅಂದಿರಿ, ಅಲ್ವಾ? ಬೇರು ಗಟ್ಟಿಯಾಗಿ ಊರಿದೆ. ಎಲೆ ಇದ್ದ ಕಡೆ ಗೆಣ್ಣು ಒಂದೆರಡು ಹಸಿರಾಗಿದ್ದರೆ ಅಲ್ಲಿಂದ ಹತ್ತು ದಿನದಲ್ಲಿ ಚಿಗುರುತ್ತದೆ, ಹೂವಿನ ಕಾಲಕ್ಕೆ ಚಪ್ಪರ ತುಂಬುತ್ತದೆ. ಅದಕ್ಕೆ ಬೇಲಿ ಮುಗಿಯುವವರೆಗೂ ಕಾಯಬೇಡಿ. ತರುವ ಜಾಲರಿಯಿಂದ ಮೊದಲು ಆರು ಅಡಿ ಕತ್ತರಿಸಿ, ಬಳ್ಳಿಯ ಸುತ್ತ ಡ್ರಮ್ಮಿನ ಹಾಗೆ ನಿಲ್ಲಿಸಿ, ಬುಡಕ್ಕೆ ನಾಲ್ಕು ಕಡೆ ಮೊಳೆ ಹೊಡೆದು, ತಲೆಯ ಮೇಲೂ ಒಂದು ತುಂಡು ಮುಚ್ಚಿ ಕಟ್ಟಿ, ಒಂದು ಬಕೆಟ್ ನೀರು ಹಾಕಿ.